ಸದ್ದು ಮಾಡುವ ಆಟಿಕೆಗಳ ಜೊತೆ ಸಂಸಾರ: ನೀವು ಹೇಗೆ ನಿಭಾಯಿಸುತ್ತೀರಿ?

ಮೂಲೆಮನೆ:
ಮಗಳಿಗೆ ಒಂದೂವರೆ ವರ್ಷ. ಮನೆಯಲ್ಲಿ ಹಾಡುವ ಆಟಿಕೆ, ಬೊಗಳುವ ಆಟಿಕೆ, ಅಂಕಿ ಎಣಿಸುವ ಆಟಿಕೆ ಎಲ್ಲ ಸೇರಿಕೊಂಡಿವೆ. ನಾವು ಕೊಂಡದ್ದು ಕಡಿಮೆ, ಉಡುಗೊರೆಯಾಗಿ ಬಂದದ್ದೇ ಜಾಸ್ತಿ. ಇವುಗಳಲ್ಲಿ ದೊಡ್ಡ ತಲೆನೋವು ಒಂದು ಪ್ಲಾಸ್ಟಿಕ್ ಸ್ಟೇರಿಂಗ್. ತಿರುಗಿಸಿದರೆ ಹಾರ್ನ್, ಗೇರ್ ಎಳೆದರೆ ಎಂಜಿನ್ ಸದ್ದು. ಮುಟ್ಟದೆ ಬಿಟ್ಟರೆ ಅದೇ ದನಿ ತೆಗೆದು ‘ಬಾ, ಆಡೋಣ’ ಅಂತ ಕರೆಯುತ್ತದೆ. ವಾಲ್ಯೂಮ್ ಗುಂಡಿ ಇಲ್ಲ. ಆನ್ ಇಲ್ಲವೇ ಆಫ್, ಅಷ್ಟೇ.

‘ಎತ್ತಿ ಬಿಸಾಡಿ’ ಅನ್ನುವ ಸಲಹೆ ಮಾತ್ರ ಬೇಡ. ಅವಳಿಗೆ ಅದರ ಮೇಲೆ ಪ್ರಾಣ. ಕಣ್ಣು ಬಿಟ್ಟ ತಕ್ಷಣ ಅದನ್ನೇ ಹುಡುಕುತ್ತಾಳೆ. ನನಗೆ ಗೊತ್ತಾಗಬೇಕಾದದ್ದು ಇಷ್ಟು. ಸ್ಪೀಕರ್ ಇರುವ ಜಾಗಕ್ಕೆ ಕಿವಿ ಒತ್ತಿ ಕೇಳುತ್ತಾಳೆ, ಇದರಿಂದ ಕಿವಿಗೆ ತೊಂದರೆ ಇದೆಯಾ? ಸದ್ದನ್ನು ಪೂರ್ತಿ ನಿಲ್ಲಿಸದೆ ಕಡಿಮೆ ಮಾಡುವುದು ಹೇಗೆ? ಇನ್ನೊಂದು, ಇದು ರಾತ್ರಿ ಕಪಾಟಿನೊಳಗೆ ಯಾರೂ ಮುಟ್ಟದೆ ತಾನಾಗೇ ಹಾಡುತ್ತದೆ. ಅದಕ್ಕೇನು ಕಾರಣ?

ಅವಳಿಜವಳಿ:
ನಮ್ಮಲ್ಲಿ ಇಬ್ಬರು. ಜಗಳ ಬೇಡ ಅಂತ ಎಲ್ಲವೂ ಎರಡೆರಡು. ಒಂದೇ ಹಾಡು, ಅರ್ಧ ಸೆಕೆಂಡ್ ಹಿಂದೆ ಮುಂದೆ, ಎರಡು ಮೂಲೆಗಳಿಂದ. ತಲೆ ಚಿಟ್ಟು ಹಿಡಿಯುವುದು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಮ್ಮ ಮನೆಗೆ ಕಳಿಸಿ.

ಸುಲಭದ ಉಪಾಯ ಟೇಪ್. ಸ್ಪೀಕರ್ ತೂತುಗಳ ಮೇಲೆ ಅಗಲದ ಪ್ಯಾಕಿಂಗ್ ಟೇಪನ್ನು ಎರಡು ಮೂರು ಪದರ ಅಂಟಿಸಿ. ಹಾಡು ಕೇಳಿಸುತ್ತದೆ, ಆದರೆ ಆ ಕೀರಲು ಸದ್ದು ಹೋಗುತ್ತದೆ. ನಮ್ಮ ಮಕ್ಕಳು ಏನೂ ಆಗಿಲ್ಲವೆಂಬಂತೆ ಆಡಿಕೊಂಡಿದ್ದಾರೆ.

ಸ್ಕ್ರೂಡ್ರೈವರ್:
ಟೇಪ್ ಒಳ್ಳೆಯದೇ, ಆದರೆ ಹೊರಗಡೆ ಅಂಟಿಸಬೇಡಿ. ಆ ವಯಸ್ಸಿನ ಉಗುರಿಗೆ ಟೇಪಿನ ತುದಿ ಸಿಗದೆ ಇರುವುದಿಲ್ಲ. ಕಿತ್ತದ್ದು ಸೀದಾ ಬಾಯಿಗೆ. ಹಿಂಬದಿಯ ಸ್ಕ್ರೂ ಬಿಚ್ಚಿ, ತೂತುಗಳ ಒಳಬದಿಗೆ ಅಂಟಿಸಿ, ಮತ್ತೆ ಮುಚ್ಚಿ.

ರಾತ್ರಿ ಹಾಡುವುದಕ್ಕೆ ಕಾರಣ ದೆವ್ವ ಅಲ್ಲ, ಸೆಲ್. ಸೆಲ್ ಸವೆದಂತೆ ಅದರೊಳಗಿನ ರೋಧ, ಅಂದರೆ ಕರೆಂಟಿಗೆ ಆಗುವ ಅಡ್ಡಿ, ಹೆಚ್ಚುತ್ತದೆ. ಸ್ಪೀಕರ್ ಕರೆಂಟ್ ಎಳೆದ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಆಟಿಕೆ ನಡೆಸುವ ಚಿಪ್ ಸತ್ತು ಮತ್ತೆ ಹುಟ್ಟುತ್ತದೆ. ಹುಟ್ಟಿದ ಕೂಡಲೇ ಸ್ವಾಗತದ ಹಾಡು ಶುರು. ಹಾಡು ಶುರುವಾದರೆ ವೋಲ್ಟೇಜ್ ಮತ್ತೆ ಕುಸಿತ. ಹೀಗೇ ಸುತ್ತುತ್ತಿರುತ್ತದೆ. ಹೊಸ ಸೆಲ್ ಹಾಕಿದರೆ ಬಹುಪಾಲು ನಿಲ್ಲುತ್ತದೆ.

ನಿಲ್ಲದಿದ್ದರೆ ಗುಂಡಿಯ ಒಳಗೆ ನೋಡಿ. ಪ್ಲಾಸ್ಟಿಕ್ ಗುಂಡಿಯ ಕೆಳಗೆ ಒಂದು ರಬ್ಬರ್ ಟೊಪ್ಪಿ ಇರುತ್ತದೆ. ಅದರ ಹೊಟ್ಟೆಯಲ್ಲಿ ಕಪ್ಪು ಕಾರ್ಬನ್ ಬಿಲ್ಲೆ. ಒತ್ತಿದಾಗ ಆ ಬಿಲ್ಲೆ ಬೋರ್ಡಿನ ಮೇಲಿನ ಎರಡು ಗೆರೆಗಳನ್ನು ಜೋಡಿಸುತ್ತದೆ, ಚಿಪ್ಪಿಗೆ ‘ಒತ್ತಿದರು’ ಅಂತ ಸುದ್ದಿ ಹೋಗುತ್ತದೆ. ಮಗುವಿನ ಜೊಲ್ಲು ಒಳಗಿಳಿದರೆ ಬಿಲ್ಲೆಯ ಕೆಲಸವನ್ನು ಜೊಲ್ಲೇ ಮಾಡುತ್ತದೆ. ಯಾರೂ ಒತ್ತದಿದ್ದರೂ ಒತ್ತಿದಂತೆ. ಸೆಲ್ ತೆಗೆದು, ಬೋರ್ಡನ್ನು ಒಣ ಬಟ್ಟೆಯಿಂದ ಒರೆಸಿ, ಒಂದು ದಿನ ಗಾಳಿಗೆ ಬಿಡಿ. ಕೆಲವು ಆಟಿಕೆಗಳಲ್ಲಿ ಬೆಳಕಿನ ಸೆನ್ಸರ್ ಕೂಡ ಇರುತ್ತದೆ. ನೀವು ಲೈಟ್ ಆರಿಸಿದರೆ ಯಾರೋ ಕೈ ಅಡ್ಡ ತಂದರು ಅಂತ ಅದು ತಿಳಿಯುತ್ತದೆ.

ಸ್ವಿಚ್ಚಿಗೆ ಮೂರು ಹಂತ ಇದೆಯಾ ಅಂತಲೂ ನೋಡಿ. ಅಂಗಡಿಯಲ್ಲಿ ಗಿರಾಕಿಗಳು ಒತ್ತಿ ನೋಡಲಿ ಅಂತ ಒಂದು ‘ಟ್ರೈ ಮಿ’ ಹಂತ ಇಟ್ಟಿರುತ್ತಾರೆ. ಎಷ್ಟೋ ಮನೆಗಳಲ್ಲಿ ಆಟಿಕೆ ವರ್ಷಗಟ್ಟಲೆ ಅದೇ ಹಂತದಲ್ಲಿ ಉಳಿದಿರುತ್ತದೆ.

ಮೂಲೆಮನೆ:
ಜೊಲ್ಲು! ಅದೇ ಇರಬೇಕು. ಹಾರ್ನ್ ಗುಂಡಿಯನ್ನು ಅವಳು ಒತ್ತುವುದಕ್ಕಿಂತ ಚೀಪುವುದೇ ಹೆಚ್ಚು.

ಕಿವಿಮಾತು:
ನಾನು ಶ್ರವಣ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಕಿವಿ ಒತ್ತಿ ಕೇಳುವ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ, ಯಾಕೆಂದರೆ ಪೆಟ್ಟಿಗೆಯ ಮೇಲೆ ‘ಪರೀಕ್ಷಿಸಲಾಗಿದೆ’ ಅಂತ ಇದ್ದರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ.

ಆಟಿಕೆಗಳ ಸದ್ದಿಗೆ ಮಾನದಂಡ ಇದೆ. ಅಮೆರಿಕದ ಆಟಿಕೆ ಸುರಕ್ಷತಾ ಮಾನದಂಡ ಎಎಸ್‌ಟಿಎಂ ಎಫ್963 ಪ್ರಕಾರ, ಕಿವಿಯ ಹತ್ತಿರ ಹಿಡಿಯಲೆಂದೇ ಮಾಡಿದ ಆಟಿಕೆ, ಅಂದರೆ ಆಟದ ಫೋನಿನಂಥದ್ದು, 65 ಡೆಸಿಬೆಲ್ ದಾಟಬಾರದು. ಕೈಯಲ್ಲಿ ಹಿಡಿಯುವ, ಮೇಜಿನ ಮೇಲೆ ಅಥವಾ ನೆಲದ ಮೇಲೆ ಇಡುವ ಆಟಿಕೆ 85 ದಾಟಬಾರದು. ಎರಡನ್ನೂ ಅಳೆಯುವುದು 50 ಸೆಂಟಿಮೀಟರ್ ದೂರದಿಂದ. ತೊಡಕು ಇಲ್ಲೇ ಇರುವುದು. ಒಂದೂವರೆ ವರ್ಷದ ಮಗುವಿನ ಕೈ ಅಷ್ಟು ಉದ್ದ ಇರುತ್ತದಾ? ಮಗು ಆಟಿಕೆಯನ್ನು ಎದೆಗೆ ಅಪ್ಪಿಕೊಂಡು ಆಡುತ್ತದೆ.

ಸಣ್ಣ ಸ್ಪೀಕರಿನಿಂದ ಇರುವ ದೂರ ಅರ್ಧವಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. 50 ಸೆಂಟಿಮೀಟರಿನಲ್ಲಿ 85 ಇದ್ದದ್ದು 25ರಲ್ಲಿ 91 ಆಯಿತು. ಹನ್ನೆರಡು ಚಿಲ್ಲರೆಯಲ್ಲಿ 97. ಕಿವಿಗೇ ಒತ್ತಿಕೊಂಡರೆ ಇನ್ನೂ ಜಾಸ್ತಿ. ಆಟಿಕೆ ನಿಯಮ ಮುರಿದಿಲ್ಲ, ಆದರೂ ಕಿವಿಗೆ ಬೀಳುವ ಸದ್ದು ಬೇರೆಯೇ.

ದೊಡ್ಡವರಿಗೆ ಕೆಲಸದ ಜಾಗದಲ್ಲಿ ನೈಓಶ್, ಅಂದರೆ ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ, ಹೇಳುವ ಮಿತಿ 85 ಡೆಸಿಬೆಲ್, 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧ. ಹಾಗಾಗಿ 91ಕ್ಕೆ 2 ಗಂಟೆ, 97ಕ್ಕೆ ಅರ್ಧ ಗಂಟೆ. ಅದು ದೊಡ್ಡವರ ಲೆಕ್ಕ. ಮಕ್ಕಳು ಹೆಡ್‌ಫೋನಿನಂಥ ಸಾಧನ ಬಳಸುವಾಗ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಮಿತಿ ಇದಕ್ಕಿಂತ ಬಿಗಿ: ವಾರಕ್ಕೆ 40 ಗಂಟೆ, 75 ಡೆಸಿಬೆಲ್.

ಹಾಗಂತ ಗಾಬರಿ ಬೀಳಬೇಡಿ. ಆಟಿಕೆ ಬಿಟ್ಟು ಬಿಟ್ಟು ಸದ್ದು ಮಾಡುತ್ತದೆ, ಮಗು ಅರ್ಧ ಗಂಟೆ ಕಿವಿ ಒತ್ತಿ ಕೂರುವುದಿಲ್ಲ. ಹಾಡು ಒಂದು ಸಲ ಕೇಳಿದರೆ ಕಿವುಡಾಗುವುದಿಲ್ಲ. ಆದರೆ ಸದ್ದನ್ನು ಗ್ರಹಿಸುವ ಒಳಗಿವಿಯ ಕೂದಲು ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ನಾವು ಇಷ್ಟು ಪಿರಿಪಿರಿ ಮಾಡುವುದು. ನೀವೇ ಆಟಿಕೆಯನ್ನು ನಿಮ್ಮ ಕಿವಿಯ ಹತ್ತಿರ, ಮಗು ಹಿಡಿಯುವಷ್ಟೇ ಹತ್ತಿರ ಹಿಡಿದು ನೋಡಿ. ನಿಮಗೆ ಮುಖ ಹಿಂಡುವಂತಾದರೆ ಅದು ಮಗುವಿಗೂ ಜಾಸ್ತಿಯೇ. ಫೋನಿನ ಆ್ಯಪ್ ಹೇಳುವ ಅಂಕಿ ನಿಖರ ಅಲ್ಲ. ಟೇಪ್ ಹಾಕುವ ಮೊದಲು, ಹಾಕಿದ ಮೇಲೆ ಎಷ್ಟು ಇಳಿಯಿತು ಅಂತ ಹೋಲಿಸುವುದಕ್ಕೆ ಪರವಾಗಿಲ್ಲ.

ಇನ್ನೊಂದು ಮಾತು. ಮಗು ಯಾವಾಗಲೂ ಸದ್ದಿನ ಮೂಲಕ್ಕೆ ಕಿವಿ ತಾಗಿಸಿಯೇ ಕೇಳುತ್ತಿದ್ದರೆ, ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದಾಗ ತಿರುಗದಿದ್ದರೆ, ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಬಹಳ ಸಲ ಅದು ಬರೀ ಕುತೂಹಲ, ಸ್ಪೀಕರಿನ ಕಂಪನ ಕೆನ್ನೆಗೆ ತಾಗಲಿ ಅನ್ನುವ ಆಸೆ. ಆದರೂ ನೋಡಿಸಿದರೆ ಮನಸ್ಸಿಗೆ ಸಮಾಧಾನ.

ಗೌಜಿಗದ್ದಲ:
ಎಲ್ಲರೂ ಆಟಿಕೆಯನ್ನೇ ಕಟಕಟೆಗೆ ಹತ್ತಿಸುತ್ತಿದ್ದೀರಿ. ಮಕ್ಕಳಿರುವ ಮನೆ ಅಂದಮೇಲೆ ಸದ್ದು ಇರುತ್ತದಪ್ಪಾ. ಪಾತ್ರೆ ಮುಚ್ಚಳ ಕೊಟ್ಟರೆ ಇದಕ್ಕಿಂತ ಜೋರಾಗಿ ಬಡಿಯುತ್ತವೆ. ಮಗು ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು ನಮ್ಮನ್ನು ಕಾಡಲಿಕ್ಕಲ್ಲ. ನಾನು ಒತ್ತಿದೆ, ಅದು ಕೂಗಿತು. ಮತ್ತೆ ಒತ್ತಿದೆ, ಮತ್ತೆ ಕೂಗಿತು. ಈ ಜಗತ್ತು ನನ್ನ ಮಾತು ಕೇಳುತ್ತದೆ ಅಂತ ಅದಕ್ಕೆ ಗೊತ್ತಾಗುತ್ತಿದೆ. ವರ್ಷ ತುಂಬುವ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಪಾಠ ಯಾವುದಿದೆ? ದಿನವಿಡೀ ಯಾರೂ ನೋಡದ ಟಿವಿ ಓಡುತ್ತಿರುತ್ತದಲ್ಲ, ಮೊದಲು ಅದನ್ನು ಆಫ್ ಮಾಡಿ ಆಮೇಲೆ ಆಟಿಕೆಯ ಸುದ್ದಿಗೆ ಬನ್ನಿ.

ಮಾತಿನಮನೆ:
ಟಿವಿ ವಿಷಯದಲ್ಲಿ ನೂರಕ್ಕೆ ನೂರು ಒಪ್ಪಿದೆ. ಆದರೆ ಆಟಿಕೆಯನ್ನು ಅಷ್ಟು ಸುಲಭವಾಗಿ ಬಿಡಲಾಗುವುದಿಲ್ಲ. ಅದು ಮಾತಾಡಲು ಶುರು ಮಾಡಿದರೆ ನಾವು ಸುಮ್ಮನಾಗುತ್ತೇವೆ, ನನಗೆ ಅದೇ ಚಿಂತೆ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಆನಾ ಸೋಸಾ ಅವರ ಅಧ್ಯಯನ ಜಾಮಾ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ 2016ರಲ್ಲಿ ಬಂತು. 10ರಿಂದ 16 ತಿಂಗಳ ಮಕ್ಕಳು ಮತ್ತು ಅವರ ತಂದೆ ಅಥವಾ ತಾಯಿ, ಒಟ್ಟು 26 ಜೋಡಿ. ಅವರವರ ಮನೆಯಲ್ಲೇ ಆಟ, ಮಾತಿನ ರೆಕಾರ್ಡಿಂಗ್. ಒಂದು ಸಲ ಎಲೆಕ್ಟ್ರಾನಿಕ್ ಆಟಿಕೆ, ಒಂದು ಸಲ ಮರದ ಒಗಟು, ಬ್ಲಾಕ್ ಥರದವು, ಒಂದು ಸಲ ಚಿತ್ರದ ಪುಸ್ತಕ. ದೊಡ್ಡವರು ನಿಮಿಷಕ್ಕೆ ಆಡಿದ ಪದಗಳು ಪುಸ್ತಕದ ಜೊತೆ ಸುಮಾರು 67, ಸಾದಾ ಆಟಿಕೆ ಜೊತೆ 56, ಎಲೆಕ್ಟ್ರಾನಿಕ್ ಜೊತೆ 40. ಮಗು ಏನೋ ಅಂದಾಗ ತಿರುಗಿ ಉತ್ತರ ಕೊಟ್ಟದ್ದೂ ಎಲೆಕ್ಟ್ರಾನಿಕ್ ಇದ್ದಾಗ ಕಡಿಮೆ. ಚಿಕ್ಕ ಅಧ್ಯಯನ, ಇದೊಂದರಿಂದಲೇ ತೀರ್ಪು ಕೊಡಲಾಗದು. ಆದರೆ ಮನೆಯಲ್ಲಿ ಗಮನಿಸಿದರೆ ನಿಮಗೇ ಕಾಣುತ್ತದೆ. ಆಟಿಕೆ ‘ಇದು ಹಸು’ ಅಂದರೆ ನಾವು ಮತ್ತೆ ಯಾಕೆ ಹೇಳುತ್ತೇವೆ?

ಮಾತು ಕಲಿಸುತ್ತದೆ ಅಂತ ಪೆಟ್ಟಿಗೆ ಮೇಲೆ ಬರೆದ ಆಟಿಕೆಯ ಮೇಲೆ ನನಗೆ ವಿಶೇಷ ಸಿಟ್ಟು. ಹಾರ್ನ್ ಹೊಡೆಯುವ ಸ್ಟೇರಿಂಗ್ ಪಾಪ ಅಂಥ ಜಂಬ ಕೊಚ್ಚುವುದಿಲ್ಲ. ಅದು ಬರೀ ಹಾರ್ನ್. ಅದರ ಜೊತೆ ‘ಎಲ್ಲಿಗೆ ಹೊರಟೆ? ನನ್ನನ್ನೂ ಕರೆದುಕೊಂಡು ಹೋಗು’ ಅಂತ ನಾವು ಮಾತು ಸೇರಿಸಬಹುದು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಆಟಿಕೆ ಆಯ್ಕೆ ಬಗ್ಗೆ ಒಂದು ವರದಿ ಕೊಟ್ಟಿತು. ಅದರ ತಿರುಳೂ ಇದೇ. ಮಗುವನ್ನೂ ದೊಡ್ಡವರನ್ನೂ ಒಟ್ಟಿಗೆ ಕೂರಿಸುವ ಆಟಿಕೆ ಒಳ್ಳೆಯದು, ಅದು ಸಾದಾ ಇದ್ದಷ್ಟೂ ಲೇಸು.

ಗೌಜಿಗದ್ದಲ:
ಸರಿ, 40ಕ್ಕೆ ಇಳಿಯಿತು ಅಂತಲೇ ಇಟ್ಟುಕೊಳ್ಳೋಣ. ಆ ಹೊತ್ತಿನಲ್ಲಿ ಅಮ್ಮ ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಕೂತಿರುತ್ತಾಳೆ. ಅದನ್ನು ಯಾರು ಅಳೆದಿದ್ದಾರೆ?

ಮಾತಿನಮನೆ:
ಹ್ಹಹ್ಹ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆ ಹತ್ತು ನಿಮಿಷಕ್ಕೆ ಆಟಿಕೆ ಇರಲಿ. ದಿನವಿಡೀ ಬೇಡ, ಅಷ್ಟೇ ನನ್ನ ವಾದ.

ರಾತ್ರಿಪಾಳಿ:
ನಾನು ಹಗಲು ಮಲಗುವವನು. ನನ್ನ ಮನೆಯಲ್ಲಿ ಮಕ್ಕಳಿಲ್ಲ, ಮೇಲಿನ ಮನೆಯಲ್ಲಿದ್ದಾರೆ. ಇಲ್ಲಿ ಎಲ್ಲರೂ ಹಾಡಿನ ಬಗ್ಗೆ ಬರೆಯುತ್ತಿದ್ದೀರಿ, ಕೆಳಗಿನವರ ಕಡೆಯಿಂದ ಒಂದು ಮಾತು. ಹಾಡು ನನಗೆ ಹೆಚ್ಚೇನೂ ಕೇಳಿಸುವುದಿಲ್ಲ. ಆಟಿಕೆಯ ಸ್ಪೀಕರ್ ಚಿಕ್ಕದು, ಅದರಿಂದ ಬರುವುದೆಲ್ಲ ಕೀಚು ಸದ್ದು, ಅದು ಗೋಡೆ, ಚಾವಣಿ ದಾಟುವಷ್ಟರಲ್ಲಿ ಸೋತಿರುತ್ತದೆ. ನನ್ನನ್ನು ಎಬ್ಬಿಸುವುದು ಅದೇ ಆಟಿಕೆ ನೆಲಕ್ಕೆ ಬಿದ್ದಾಗಿನ ‘ದಡ್’, ಮತ್ತೆ ಗಟ್ಟಿ ಚಕ್ರದ ಗಾಡಿ ನೆಲದ ಮೇಲೆ ಉರುಳುವ ಗುಡುಗುಡು. ಬಡಿತ ನೇರ ಕಾಂಕ್ರೀಟಿಗೇ ಇಳಿಯುತ್ತದಲ್ಲ. ಆಡುವ ಜಾಗಕ್ಕೆ ದಪ್ಪ ಮೆತ್ತನೆ ಚಾಪೆ ಹಾಸಿದರೆ ಸಾಕು. ಮೇಲಿನ ಮನೆಯವರಿಗೆ ನಗುತ್ತಲೇ ಹೇಳಿದೆ, ಹಾಸಿದರು. ಈಗ ನಿದ್ದೆ ಪರವಾಗಿಲ್ಲ.

ಸ್ಕ್ರೂಡ್ರೈವರ್:
ಸರಿಯಾಗಿ ಹೇಳಿದಿರಿ. ಚಾಪೆಯಿಂದ ಮೇಲಿನವರಿಗೂ ಲಾಭ. ಆಟಿಕೆಯನ್ನು ಬರಿಯ ನೆಲದ ಮೇಲೋ ಟೊಳ್ಳು ಮರದ ಮೇಜಿನ ಮೇಲೋ ಇಟ್ಟರೆ ಅದೂ ಜೊತೆಗೆ ಅದುರಿ ಸದ್ದು ದೊಡ್ಡದಾಗುತ್ತದೆ. ಬಟ್ಟೆ, ಪರದೆ, ದಿಂಬು ಇರುವ ಕೋಣೆಯಲ್ಲಿ ಅದೇ ಆಟಿಕೆ ಅರ್ಧ ಸಾಧು.

ಈಗ ಟೇಪಿಗಿಂತ ಒಳ್ಳೆಯ ದಾರಿ. ಬೆಸುಗೆ ಹಾಕಲು ಬರುವವರಿಗೆ ಮಾತ್ರ. ಸೆಲ್ ತೆಗೆಯಿರಿ. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ. ಒಂದು ಸ್ಕ್ರೂ ಸ್ಟಿಕರ್ ಅಡಿಯಲ್ಲಿ ಅಡಗಿರುತ್ತದೆ, ಒತ್ತಾಯದಿಂದ ಎಳೆಯಬೇಡಿ. ಎರಡು ಹೋಳು ಮೆಲ್ಲಗೆ ಬಿಡಿಸಿದರೆ ಒಳಗೆ ಏನೂ ಇಲ್ಲ ಅನ್ನುವಷ್ಟು ಖಾಲಿ. ಬೆರಳಗಲದ ಹಸಿರು ಅಥವಾ ಕಂದು ಬೋರ್ಡು, ಅದರ ಮೇಲೆ ಕಪ್ಪು ಅಂಟಿನ ಒಂದು ಬೊಟ್ಟು. ಆ ಬೊಟ್ಟಿನ ಕೆಳಗೇ ಚಿಪ್ ಇರುವುದು, ಎಲ್ಲ ಹಾಡೂ ಅದರೊಳಗೇ. ಅಲ್ಲಿಂದ ಕೂದಲಿನಷ್ಟು ಸಣ್ಣ ಎರಡು ವೈರು ಒಂದು ದುಂಡನೆ ಸ್ಪೀಕರಿಗೆ ಹೋಗುತ್ತವೆ. ಸ್ಪೀಕರಿನ ಬೆನ್ನಿಗೆ ‘8 ಓಮ್, 0.5 ವಾಟ್’ ಅಥವಾ ‘0.25 ವಾಟ್’ ಅಂತ ಅಚ್ಚಾಗಿರುತ್ತದೆ.

ಆ ಎರಡರಲ್ಲಿ ಒಂದು ವೈರನ್ನು ಕತ್ತರಿಸಿ ನಡುವೆ ಒಂದು ರೆಸಿಸ್ಟರ್, ಅಂದರೆ ಕರೆಂಟನ್ನು ತಡೆಯುವ ಸಣ್ಣ ಬಿಡಿಭಾಗ, ಸೇರಿಸಿ. ಎಷ್ಟು ತಡೆಯುತ್ತದೆ ಅನ್ನುವುದರ ಅಳತೆಯೇ ಓಮ್. 8 ಓಮಿನ ಸ್ಪೀಕರಿಗೆ 22 ಓಮ್ ಹಾಕಿದರೆ ಸುಮಾರು 11 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಹೆಚ್ಚುಕಡಿಮೆ ಅರ್ಧವಾದಂತೆ. 56 ಓಮ್ ಹಾಕಿದರೆ 18 ಡೆಸಿಬೆಲ್. 100 ಓಮ್ ಹಾಕಿದರೆ 22ರ ಮೇಲೆ, ಹಾಡು ಪಿಸುಮಾತಾಗುತ್ತದೆ. ನಾನು ಸಾಮಾನ್ಯವಾಗಿ 47ರಿಂದ 56ರ ನಡುವೆ ಹಾಕುತ್ತೇನೆ. ಬೆಸೆದ ಜಾಗಕ್ಕೆ ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಿ, ಬರೀ ಟೇಪ್ ಸುತ್ತಬೇಡಿ.

ಕೆಲವು ಅಗ್ಗದ ಆಟಿಕೆಗಳಲ್ಲಿ ಸ್ಪೀಕರ್ ಇರುವುದಿಲ್ಲ, ಹಿತ್ತಾಳೆ ಬಣ್ಣದ ತೆಳು ಬಿಲ್ಲೆ ಇರುತ್ತದೆ. ಅದು ಪೀಜೋ, ಕರೆಂಟ್ ಸಿಕ್ಕರೆ ತಾನೇ ಅದುರಿ ಸದ್ದು ಮಾಡುವಂಥದ್ದು. ಅದಕ್ಕೆ ಇಂಥ ಸಣ್ಣ ರೆಸಿಸ್ಟರ್ ನಾಟುವುದಿಲ್ಲ. ಅಲ್ಲಿ ಟೇಪೇ ಗತಿ. ಚಾರ್ಜ್ ಆಗುವ ಲಿಥಿಯಂ ಬ್ಯಾಟರಿ ಇರುವ ಆಟಿಕೆ, ಗೋಡೆ ಪ್ಲಗ್ಗಿಗೆ ಹಾಕುವ ಆಟಿಕೆ, ಇವನ್ನು ಬಿಚ್ಚುವ ಗೋಜಿಗೇ ಹೋಗಬೇಡಿ.

ಅವಳಿಜವಳಿ:
ಸಾದಾ ಸೆಲ್ ಬದಲು ಚಾರ್ಜ್ ಮಾಡುವ ಸೆಲ್ ಹಾಕಿದರೆ ಸದ್ದು ಕಡಿಮೆ ಆಗುತ್ತದೆ ಅಂತ ಯಾರೋ ಹೇಳಿದರು. ನಿಜಾನಾ?

ಸ್ಕ್ರೂಡ್ರೈವರ್:
ಆಗುತ್ತದೆ, ಆದರೆ ಗೊತ್ತಾಗದಷ್ಟು. ಸಾದಾ ಸೆಲ್ 1.5 ವೋಲ್ಟ್, ಚಾರ್ಜ್ ಮಾಡುವಂಥದ್ದು 1.2. ಮೂರು ಸೆಲ್ಲಿನ ಆಟಿಕೆಯಲ್ಲಿ 4.5 ಇದ್ದದ್ದು 3.6 ಆಯಿತು. ಲೆಕ್ಕ ಹಾಕಿದರೆ 2 ಡೆಸಿಬೆಲ್ ಸುತ್ತಮುತ್ತ. ಸೆಲ್ ಖರ್ಚು ಉಳಿಯುತ್ತದೆ ಅಂತ ಬೇಕಾದರೆ ಹಾಕಿ, ನೆಮ್ಮದಿ ಸಿಗುತ್ತದೆ ಅಂತ ಅಲ್ಲ.

ಕಿವಿಮಾತು:
ಸೆಲ್ ಮಾತು ಬಂದದ್ದರಿಂದ ಇದನ್ನು ಹೇಳದೆ ಬಿಡುವಂತಿಲ್ಲ. ಈ ಚರ್ಚೆಯಲ್ಲಿ ಸದ್ದಿಗಿಂತ ದೊಡ್ಡ ಅಪಾಯ ಇದು. ಗುಂಡಿಯಾಕಾರದ ಚಪ್ಪಟೆ ಸೆಲ್ ಇರುವ ಆಟಿಕೆ ಇದ್ದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇದೆಯಾ, ಸಡಿಲ ಆಗಿದೆಯಾ ನೋಡಿ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆ ಅಂಗಾಂಶದ ಮೂಲಕ ಕರೆಂಟ್ ಹರಿಯುತ್ತದೆ, ಅಲ್ಲೇ ಕ್ಷಾರ ಹುಟ್ಟಿ ಸುಡಲು ಶುರುವಾಗುತ್ತದೆ. 2 ಗಂಟೆಯಲ್ಲೇ ತೀವ್ರ ಗಾಯ ಆಗಬಹುದು. 20 ಮಿಲಿಮೀಟರ್ ಅಗಲದ ಲಿಥಿಯಂ ಸೆಲ್ ಎಲ್ಲಕ್ಕಿಂತ ಕೆಟ್ಟದ್ದು. ‘ಖಾಲಿ ಸೆಲ್ ತಾನೇ’ ಅನ್ನಬೇಡಿ. ಆಟಿಕೆ ಓಡಿಸಲು ಸಾಲದ ಸೆಲ್ಲಿಗೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ತುರ್ತು ಚಿಕಿತ್ಸೆಗೆ ಓಡಿ. ಎಕ್ಸ್‌ರೇಯಲ್ಲಿ ಕಾಣುತ್ತದೆ.

ಇನ್ನೊಂದು, ಮಲಗಿಸಲು ಇಡುವ ‘ಶ್...’ ಸದ್ದಿನ ಯಂತ್ರಗಳು, ತೊಟ್ಟಿಲಿಗೆ ಕಟ್ಟುವ ಹಾಡುಗೊಂಬೆಗಳು. ಇವನ್ನು ಯಾರೂ ಗದ್ದಲದ ಪಟ್ಟಿಗೆ ಸೇರಿಸುವುದಿಲ್ಲ, ಕೇಳಲು ಹಿತವಾಗಿರುತ್ತವಲ್ಲ. ಕೆನಡಾದ ಸಂಶೋಧಕರು ಅಂಥ 14 ಯಂತ್ರಗಳನ್ನು ಅಳೆದು 2014ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬರೆದರು. ಪೂರ್ತಿ ವಾಲ್ಯೂಮಿನಲ್ಲಿ, 30 ಸೆಂಟಿಮೀಟರ್ ದೂರದಲ್ಲಿ, ಮೂರು ಯಂತ್ರಗಳು 85 ಡೆಸಿಬೆಲ್ ದಾಟಿದ್ದವು. ಆಟಿಕೆ ಬಿಟ್ಟು ಬಿಟ್ಟು ಕೂಗುತ್ತದೆ, ಇದು ರಾತ್ರಿಯಿಡೀ ಓಡುತ್ತದೆ. ತೊಟ್ಟಿಲಿನಿಂದ ದೂರ, ಸಾಧ್ಯವಾದರೆ ಕೋಣೆಯ ಆ ತುದಿಯಲ್ಲಿ ಇಡಿ. ವಾಲ್ಯೂಮ್ ಸಣ್ಣದಿರಲಿ. ಮಗು ಮಲಗಿದ ಮೇಲೆ ಆಫ್ ಮಾಡಿ.

ಅಜ್ಜನ ಕುರ್ಚಿ:
ಸದ್ದಿನ ಆಟಿಕೆ ಉಡುಗೊರೆಯಾಗಿ ಬಂದದ್ದೇ ಜಾಸ್ತಿ ಅನ್ನುವ ಮಾತು ಕಂಡು ಬರೆಯುತ್ತಿದ್ದೇನೆ, ಯಾಕೆಂದರೆ ಕೊಡುವ ಪಾರ್ಟಿ ನಾನೇ. ಅಜ್ಜ ಅಜ್ಜಿಯರು ಜೋರು ಆಟಿಕೆ ಆರಿಸುವುದಕ್ಕೆ ಒಂದು ಕಾರಣ ನೀವು ಯೋಚಿಸಿರಲಿಕ್ಕಿಲ್ಲ. ವಯಸ್ಸಾದಂತೆ ಮೊದಲು ಹೋಗುವುದು ಕೀಚು ಸ್ವರಗಳು. ಅಂಗಡಿಯಲ್ಲಿ ಒತ್ತಿ ನೋಡಿದಾಗ ನನಗೆ ‘ಪರವಾಗಿಲ್ಲ, ಮೆದುವಾಗಿದೆ’ ಅನ್ನಿಸಿದ್ದು ಮೊಮ್ಮಗುವಿನ ಕಿವಿಗೆ ಚೂರಿ.

ಈಗ ಶ್ರವಣಯಂತ್ರ ಹಾಕಿಕೊಂಡ ಮೇಲೆ ಕತೆ ತಿರುಗಿದೆ. ಮೆಲ್ಲಗೆ ಆಡಿದ್ದು ಕೇಳಿಸದು, ಆದರೆ ಸ್ವಲ್ಪ ಜೋರಾದರೆ ತಟ್ಟನೆ ಚುಚ್ಚುತ್ತದೆ. ಕಿವಿಮಾತು ಅವರು ಇದಕ್ಕೆ ಕಾರಣ ಬಲ್ಲರು. ಮೊಮ್ಮಗ ಹಾಡುವ ನಾಯಿ ಹಿಡಿದು ಬಂದರೆ ನಾನು ಯಂತ್ರ ಕಳಚಿ ಜೇಬಿಗೆ ಹಾಕಿಕೊಳ್ಳುತ್ತೇನೆ. ನಿಮ್ಮೆಲ್ಲರಿಗೂ ಇಲ್ಲದ ಒಂದು ಸವಲತ್ತು ನನಗಿದೆ ನೋಡಿ.

ಹಿರಿಯರಿಗೆ ‘ಕೊಡಬೇಡಿ’ ಅಂದರೆ ಮನಸ್ಸಿಗೆ ನೋವಾಗುತ್ತದೆ. ‘ಇಂಥದ್ದು ಕೊಡಿ’ ಅಂತ ಹೇಳಿ. ನನ್ನ ಸೊಸೆ ಚೀಟಿಯನ್ನೇ ಬರೆದು ಕೊಟ್ಟಳು. ವಾಲ್ಯೂಮ್ ಗುಂಡಿ ಇರಬೇಕು, ಆಫ್ ಸ್ವಿಚ್ ಇರಬೇಕು, ಸೆಲ್ ಮುಚ್ಚಳಕ್ಕೆ ಸ್ಕ್ರೂ ಇರಬೇಕು. ನನಗೂ ಸಲೀಸಾಯಿತು.

ಕಿವಿಮಾತು:
ಹೌದು, ಒಳಗಿವಿಯ ಕೋಶ ಸವೆದವರಿಗೆ ಕೇಳಿಸದ ಸದ್ದಿಗೂ ಸಹಿಸಲಾಗದ ಸದ್ದಿಗೂ ನಡುವಿನ ಅಂತರ ಕಿರಿದಾಗುತ್ತದೆ. ಯಂತ್ರದ ಸೆಟ್ಟಿಂಗಿನಲ್ಲಿ ಗರಿಷ್ಠ ಸದ್ದಿನ ಮಿತಿಯನ್ನು ಸ್ವಲ್ಪ ಇಳಿಸಬಹುದು. ಮುಂದಿನ ಸಲ ಹೋದಾಗ ಹೇಳಿ. ಜೇಬಿಗೆ ಹಾಕುವ ಸವಲತ್ತು ಹೇಗೂ ಇದ್ದೇ ಇರುತ್ತದೆ.

ರಾತ್ರಿಪಾಳಿ:
ಆಫ್ ಸ್ವಿಚ್ ಅಂದಾಗ ಫರ್ಬಿ ಅನ್ನುವ ಮಾತಾಡುವ ತುಪ್ಪಳದ ಗೊಂಬೆ ನೆನಪಾಯಿತು. 1998ರಲ್ಲಿ ಬಂದ ಮೊದಲ ಫರ್ಬಿಗೆ ಆಫ್ ಸ್ವಿಚ್ಚೇ ಇರಲಿಲ್ಲ. ತಾನಾಗಿ ನಿದ್ದೆ ಹೋಗುವವರೆಗೆ ಕಾಯಬೇಕು, ಇಲ್ಲವೇ ಸೆಲ್ ಕೀಳಬೇಕು. ಮಾತು ಕಲಿಯುತ್ತದೆ ಅನ್ನುವ ಹೆಸರು ಬಂದದ್ದೇ ತಡ, 1999ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಏಜೆನ್ಸಿ ತನ್ನ ಕಚೇರಿಯೊಳಗೆ ಅದನ್ನು ತರಬಾರದು ಅಂತ ನಿಷೇಧಿಸಿದ್ದು ಸುದ್ದಿಯಾಯಿತು. ಗುಟ್ಟು ಕೇಳಿಸಿಕೊಂಡು ಹೊರಗೆ ಹೇಳಿಬಿಟ್ಟರೆ ಅಂತ ಹೆದರಿಕೆ. ಪಾಪ, ಅದಕ್ಕೆ ರೆಕಾರ್ಡ್ ಮಾಡುವ ಸಾಮರ್ಥ್ಯವೇ ಇರಲಿಲ್ಲ.

ಸ್ಕ್ರೂಡ್ರೈವರ್:
ಇಡೀ ಏಜೆನ್ಸಿಯಲ್ಲಿ ಯಾರ ಹತ್ತಿರವೂ ಸ್ಕ್ರೂಡ್ರೈವರ್ ಇರಲಿಲ್ಲ ಅಂತ ಕಾಣುತ್ತದೆ.

ಮಾತಿನಮನೆ:
ಮೂಲೆಮನೆಯವರೇ, ಆಟಿಕೆ ಎಷ್ಟಿವೆ ಅನ್ನುವುದನ್ನೂ ಒಮ್ಮೆ ನೋಡಿ. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆ, ಒಮ್ಮೆ 16 ಆಟಿಕೆ ಇರುವ ಕೋಣೆಯಲ್ಲಿ ಬಿಟ್ಟು ನೋಡಿದರು. ನಾಲ್ಕೇ ಇದ್ದಾಗ ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. 2018ರಲ್ಲಿ ಪ್ರಕಟವಾಯಿತು. ನಾವೂ ಮನೆಯಲ್ಲಿ ಹಾಗೇ ಮಾಡುತ್ತೇವೆ. ಹೊರಗೆ ನಾಲ್ಕೈದು, ಅದರಲ್ಲಿ ಸದ್ದಿನದು ಒಂದೇ. ಉಳಿದವು ಕಪಾಟಿನ ಮೇಲೆ. ಕೆಲವು ದಿನ ಬಿಟ್ಟು ಅದಲು ಬದಲು. ಕೆಳಗಿಳಿಸಿದ್ದು ಹೊಸತು ಬಂದಷ್ಟೇ ಸಂಭ್ರಮ. ಸೆಲ್ ತೆಗೆದು ಇಟ್ಟರೆ ಇನ್ನೂ ಒಳ್ಳೆಯದು, ಸೋರಿ ಬಿಳಿ ಪುಡಿ ಕಟ್ಟುವುದಿಲ್ಲ.

ಅವಳಿಜವಳಿ:
ಸೆಲ್ ತೆಗೆದು ‘ಅದು ನಿದ್ದೆ ಮಾಡ್ತಿದೆ’ ಅನ್ನುವವರೂ ಇದ್ದಾರೆ. ನನ್ನ ಹಿರಿಯವಳು, ಅಂದರೆ ನಾಲ್ಕು ನಿಮಿಷ ಹಿರಿಯವಳು, ಈಗ ಸೆಲ್ ಡಬ್ಬ ಎಲ್ಲಿದೆ ಅಂತ ಕೈ ತೋರಿಸುತ್ತಾಳೆ.

ಬೆರಳಾಟ:
ಎಲ್ಲರೂ ಸದ್ದನ್ನು ಇಳಿಸುವ ಮಾತಾಡುತ್ತಿದ್ದೀರಿ. ನಮ್ಮ ಮನೆಯಲ್ಲಿ ನಾವು ಆ ಸದ್ದಿಗಾಗಿ ಕಾದು ಕೂತವರು. ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಬೆರಳಿನಿಂದ ಸಣ್ಣ ಗುಂಡಿ ಒತ್ತಲು ಬರುವುದಿಲ್ಲ. ಅಂಗೈ ಪೂರ್ತಿ ಬೀಳಿಸಿ ದೊಡ್ಡದೊಂದನ್ನು ಒತ್ತಬಲ್ಲ. ಬ್ಲಾಕ್ ಜೋಡಿಸುವುದು, ಒಗಟು ಬಿಡಿಸುವುದು, ಸಾದಾ ಆಟಿಕೆ ಅಂತ ನೀವು ಹೊಗಳುವ ಯಾವುದೂ ಅವನ ಕೈಗೆ ದಕ್ಕುವುದಿಲ್ಲ. ಬೊಗಳುವ ನಾಯಿ ದಕ್ಕುತ್ತದೆ.

ಅದಕ್ಕೆ ಒಂದು ಚಿಕ್ಕ ಸಾಧನ ಇದೆ. ಎರಡೂ ಬದಿಗೆ ತಾಮ್ರ, ನಡುವೆ ಕರೆಂಟ್ ಹರಿಯದ ಹಾಳೆ ಇರುವ ತೆಳು ಬಿಲ್ಲೆ. ಅದನ್ನು ಸೆಲ್ಲಿಗೂ ಲೋಹದ ತುದಿಗೂ ನಡುವೆ ಸಿಕ್ಕಿಸಬೇಕು. ಬಿಲ್ಲೆಯ ಎರಡು ಬದಿಯಿಂದ ಒಂದೊಂದು ವೈರು ಹೊರಬಂದು 3.5 ಮಿಲಿಮೀಟರ್ ಸಾಕೆಟಿಗೆ ಸೇರುತ್ತದೆ. ಅದಕ್ಕೆ ತಟ್ಟೆಯಗಲದ ಸ್ವಿಚ್ ಚುಚ್ಚಿದರೆ ಮುಗಿಯಿತು. ಆಟಿಕೆಯ ಸ್ವಂತ ಸ್ವಿಚ್ ಆನ್‌ನಲ್ಲೇ ಇರುತ್ತದೆ. ಮಗ ಅಂಗೈ ಇಟ್ಟರೆ ನಾಯಿ ಬೊಗಳುತ್ತದೆ, ಎತ್ತಿದರೆ ನಿಲ್ಲುತ್ತದೆ. ಮೊದಮೊದಲು ಕೈ ಜಾರಿ ಬಿದ್ದಾಗ ಬೊಗಳುತ್ತಿತ್ತು. ಈಗ ಅವನು ನಮ್ಮ ಮುಖ ನೋಡುತ್ತಾನೆ, ಕೈಯನ್ನು ಸ್ವಿಚ್ಚಿನ ಮೇಲೆ ತೇಲಿಸಿ ಹಿಡಿದು ನಮ್ಮನ್ನು ಕಾಯಿಸುತ್ತಾನೆ, ಆಮೇಲೆ ಒತ್ತುತ್ತಾನೆ.

ಸದ್ದು ನಮಗೂ ಜಾಸ್ತಿಯೇ. ಟೇಪ್ ನಾವೂ ಹಾಕಿದ್ದೇವೆ, ಒಳಬದಿಗೇ.

ಗೌಜಿಗದ್ದಲ:
ನಾನು ಹೇಳಬೇಕೆಂದಿದ್ದದ್ದನ್ನು ನನಗಿಂತ ಚೆನ್ನಾಗಿ ಹೇಳಿದಿರಿ.

ಮೂಲೆಮನೆ:
ಬೆರಳಾಟ ಅವರೇ, ಇದನ್ನು ಓದಿ ನಮ್ಮಲ್ಲಿ ಸುಮ್ನೆ ಬಿದ್ದಿರುವ ಎರಡು ಮೂರು ಆಟಿಕೆ ಯಾರಿಗಾದರೂ ಹೀಗೆ ಬಳಕೆಯಾಗಬಹುದಾ ಅನ್ನಿಸಿತು. ಎಲ್ಲ ಆಟಿಕೆಗೂ ಆ ಬಿಲ್ಲೆ ಹೊಂದುತ್ತದಾ? ಸ್ಟೇರಿಂಗನ್ನು ಬಿಚ್ಚಿ ಒಣಗಲು ಇಟ್ಟಿದ್ದೇನೆ, ರೆಸಿಸ್ಟರ್ ತರಿಸಿದ್ದೇನೆ. ಅದನ್ನಂತೂ ಕೊಡಲು ಬಿಡುವುದಿಲ್ಲ ನಮ್ಮ ಡ್ರೈವರಮ್ಮ.

ಬೆರಳಾಟ:
ಎಲ್ಲಕ್ಕೂ ಹೊಂದುವುದಿಲ್ಲ. ಒಂದು ಪರೀಕ್ಷೆ ಮಾಡಿ. ಆಟಿಕೆಯನ್ನು ಆನ್ ಮಾಡಿ, ಆಡುತ್ತಿರುವಾಗಲೇ ಒಂದು ಸೆಲ್ ತೆಗೆದು ಮತ್ತೆ ಹಾಕಿ. ತಾನಾಗಿ ಮತ್ತೆ ಕುಣಿಯಲು, ನಡೆಯಲು, ಬೊಗಳಲು ಶುರು ಮಾಡಿದರೆ ಹೊಂದುತ್ತದೆ. ಸೆಲ್ ಹಾಕಿದ ಮೇಲೆ ಇನ್ನೊಂದು ಗುಂಡಿ ಒತ್ತಬೇಕು ಅಂತಾದರೆ ಬಿಲ್ಲೆಯಿಂದ ಆಗುವುದಿಲ್ಲ. ಆಗ ಬೋರ್ಡಿನಲ್ಲಿ ಆ ಗುಂಡಿಯ ಎರಡು ಗೆರೆಗಳಿಗೇ ವೈರು ಬೆಸೆದು ಸಾಕೆಟ್ ಹೊರಗೆ ತರಬೇಕು. ಚಪ್ಪಟೆ ಗುಂಡಿ ಸೆಲ್ಲಿನ ಆಟಿಕೆ ಬೇಡವೇ ಬೇಡ.

ಸ್ಕ್ರೂಡ್ರೈವರ್:
ಬೋರ್ಡಿಗೆ ಬೆಸೆಯುವ ಕೆಲಸ ಇದ್ದರೆ ಫೋಟೊ ಹಾಕಿ, ಯಾವ ಗೆರೆ ಅಂತ ಗುರುತು ಮಾಡಿ ಕೊಡುತ್ತೇನೆ. ಬೋರ್ಡಿನ ಎರಡೂ ಬದಿಯ ಫೋಟೊ ಬೇಕು, ಹಗಲು ಬೆಳಕಿನಲ್ಲಿ ತೆಗೆದದ್ದು.